ಹರಿದ ಮಾಂಸಖಂಡ ಕೂಡುವ ಬಗೆ

ನಮ್ಮ ಕಡೆಯ ಮನೆಗಳಲ್ಲಿ ಮೈಕೈಗೆ ಯಾವ ನೋವು ಬಂದರೂ ಅದಕ್ಕೆ ಒಂದೇ ಹೆಸರು: "ನರ ಹಿಡದೈತಿ." ಕತ್ತು ತಿರುಗದಿದ್ದರೆ ನರ, ಸೊಂಟ ಬಗ್ಗದಿದ್ದರೆ ನರ, ಕಾಲು ಊರಲು ಬಾರದಿದ್ದರೂ ನರವೇ. ಪಾಪ, ನರಕ್ಕೆ ಈ ಅಪವಾದ ಹೆಚ್ಚಿನ ಸಲ ವೃಥಾ ಬರುತ್ತದೆ. ನರವೆಂಬುದು ಮೆದುಳು ಮತ್ತು ಬೆನ್ನುಹುರಿಗಳ ಸುದ್ದಿಯನ್ನು ಒಯ್ದು ತರುವ ತಂತಿ. ಓಡುವಾಗ, ಏರುವಾಗ, ಭಾರ ಎತ್ತುವಾಗ ಫಕ್ಕನೆ ಹಿಡಿದುಕೊಳ್ಳುವುದು, ಕೆಲವೊಮ್ಮೆ ಹರಿದೇ ಹೋಗುವುದು, ಮಾಂಸಖಂಡ. ಹೆಸರು ಬೇರೆಯಾದರೆ ಏನಾಯಿತು ಎಂದು ಕೇಳಬಹುದು. ಹೆಸರು ಬೇರೆಯಾದೊಡನೆ ಉಪಚಾರವೂ ಬೇರೆಯಾಗುತ್ತದೆ. ನರ ಹಿಡಿದಿದೆ ಎಂದ ಕೂಡಲೆ ಮನೆಯವರ ಕೈ ಎಣ್ಣೆಯ ಬಟ್ಟಲಿಗೆ ಹೋಗುತ್ತದೆ. ಹರಿದ ಮಾಂಸಖಂಡವನ್ನು ಮೊದಲ ದಿನವೇ ಬಲವಾಗಿ ತಿಕ್ಕುವುದೆಂದರೆ ಹರಿದ ಸೀರೆಯನ್ನು ಹೊಲಿಯುವ ಮೊದಲೇ ಒಗೆಯುವ ಕಲ್ಲಿಗೆ ಬಡಿದಂತೆ.

ಈ ವಿಷಯವನ್ನು ಪುಸ್ತಕದಿಂದಲ್ಲದೆ ನಮ್ಮ ಸ್ವಂತ ಎಡಗಾಲಿನಿಂದಲೇ ಅರಿಯುವ ಸಂದರ್ಭ ಕಳೆದ ವರ್ಷದ ಶ್ರಾವಣದಲ್ಲಿ ಒದಗಿತು. ತವರೂರಿಗೆ ಹೊರಟ ಬಸ್ಸಿನ ಎತ್ತರದ ಮೆಟ್ಟಿಲ ಮೇಲೆ ಬಲಗಾಲಿಟ್ಟು, ಎಡಗಾಲಿನ ಮುಂಪಾದದಿಂದ ನೆಲವನ್ನು ಒತ್ತಿ ಮೇಲೇರುತ್ತಿದ್ದಂತೆ, ಮೀನಖಂಡದ ಒಳಮಗ್ಗುಲಿಗೆ ಯಾರೋ ಹಿಂದಿನಿಂದ ಕಲ್ಲು ಬೀಸಿ ಒಗೆದಂತಾಯಿತು. ತಿರುಗಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ. ಈ ಗಾಯಕ್ಕೆ ಒಳಗಾದವರು ಸಾಮಾನ್ಯವಾಗಿ ಹೀಗೆಯೇ ಹೇಳುತ್ತಾರೆಂದೂ ವೈದ್ಯರು ಇದನ್ನು 'ಟೆನಿಸ್ ಕಾಲು' ಎಂದು ಕರೆಯುತ್ತಾರೆಂದೂ ನಮಗೆ ಆಮೇಲೆ ತಿಳಿಯಿತು. ಟೆನಿಸ್ ಬ್ಯಾಟನ್ನು ಜನ್ಮದಲ್ಲಿ ಮುಟ್ಟದ, ನಲವತ್ತು ದಾಟಿದ ಗೃಹಿಣಿಯರಿಗೂ ಗೃಹಸ್ಥರಿಗೂ ಇದು ಬರುವುದುಂಟು. ಮೊಣಕಾಲು ನೆಟ್ಟಗಿರುವಾಗ ಮೀನಖಂಡ ಪೂರ್ತಿ ಎಳೆದುಕೊಂಡಿರುತ್ತದೆ. ಅದೇ ಕ್ಷಣದಲ್ಲಿ ಮೈಭಾರವನ್ನೆಲ್ಲ ತಳ್ಳುವ ಕೆಲಸವೂ ಅದಕ್ಕೇ ಬಿದ್ದರೆ ಒಳಮಗ್ಗುಲಿನ ತಂತುಗಳು ಬಿಟ್ಟುಕೊಡುತ್ತವೆ.

ಮನೆಗೆ ಮರಳಿ ಕಾಲು ಚಾಚುವುದರೊಳಗಾಗಿ ಅತ್ತೆಯವರು ಔಡಲೆಣ್ಣೆಯನ್ನು ಬೆಚ್ಚಗೆ ಮಾಡಿ ತಂದಿದ್ದರು. ಎಂಬತ್ತು ದಾಟಿದ ಅವರ ಕೈಗುಣವನ್ನು ನಮ್ಮ ಓಣಿಯ ಬಾಣಂತಿಯರೆಲ್ಲ ಬಲ್ಲರು. "ಸುಮ್ಮ ಕುಂಡರವಾ, ಎರಡ ದಿನ ತಿಕ್ಕಿದ್ರ ನರಾ ತಾನ ಬಿಡತೈತಿ" ಎಂದರು. "ಅತ್ತೀ, ಮೊದಲ ಡಾಕ್ಟರಿಗೆ ತೋರಸೂಣ್ರಿ. ಆಮ್ಯಾಲೆ ನೀವು ಹೆಂಗ ಹೇಳ್ತೀರಿ ಹಂಗ" ಎಂದು ಬೇಡಿಕೊಂಡೆವು. ಅವರ ಮುಖ ಸಣ್ಣದಾಯಿತು. ಹಿರಿಯರ ಅಂತಃಕರಣವನ್ನು ತಡೆದು ನಿಲ್ಲಿಸುವುದು ಕಾಲುನೋವಿಗಿಂತ ಕಠಿಣವಾದ ಕೆಲಸ. ಸೊಸೆಯಂದಿರಾದ ನಮ್ಮ ಓದುಗ ಸೋದರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲುಬು-ಕೀಲಿನ ವೈದ್ಯರು ನಮ್ಮನ್ನು ಬೋರಲು ಮಲಗಿಸಿ, ಮೀನಖಂಡವನ್ನು ಮೆಲ್ಲನೆ ಹಿಂಡಿದರು. ಪಾದ ತಾನಾಗಿ ಕೆಳಕ್ಕೆ ಚಲಿಸಿತು. ಹಿಮ್ಮಡಿಯ ಮೇಲಿನ ದಪ್ಪ ಹುರಿ ಇಡಿಯಾಗಿದೆ ಎಂಬುದಕ್ಕೆ ಅದೇ ಗುರುತಂತೆ. ಆ ಹುರಿ ತುಂಡಾಗಿದ್ದರೆ ಪಾದ ಅಲುಗದೆ ಉಳಿಯುತ್ತದೆ, ಆಗಿನ ಚಿಕಿತ್ಸೆಯ ದಾರಿಯೇ ಬೇರೆ. ಅನಂತರ ಸ್ಕ್ಯಾನಿಂಗ್ ಮಾಡಿಸಿದರು. ಎರಡು ಕಾರಣಕ್ಕಾಗಿ ಎಂದು ವಿವರಿಸಿದರು: ಹರಿದದ್ದು ಎಷ್ಟು ಎಂದು ತಿಳಿಯುವುದು ಒಂದು, ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಇನ್ನೊಂದು. ಈ ಎರಡನೆಯದನ್ನು ನಮ್ಮ ಓದುಗರು ದಯವಿಟ್ಟು ಗಮನವಿಟ್ಟು ಓದಬೇಕೆಂದು ವಿನಂತಿಸುತ್ತೇವೆ. ಮೀನಖಂಡ ಹರಿದಾಗಲೂ ಅಲ್ಲಿ ನೋವು, ಬಾವು, ಬಿಸಿ. ರಕ್ತ ಹೆಪ್ಪುಗಟ್ಟಿದಾಗಲೂ ಅಲ್ಲಿಯೇ ನೋವು, ಬಾವು, ಬಿಸಿ. ಬರಿಗಣ್ಣಿಗೆ ಎರಡೂ ಅವಳಿ ಮಕ್ಕಳಂತೆ. ಆದರೆ ಹೆಪ್ಪು ಇರುವ ಕಾಲನ್ನು ತಿಕ್ಕಿದರೆ ಅದರ ತುಣುಕು ಕಳಚಿ, ರಕ್ತದೊಡನೆ ಹರಿದು, ಶ್ವಾಸಕೋಶದಲ್ಲಿ ಸಿಕ್ಕಿಕೊಂಡು ಪ್ರಾಣಕ್ಕೇ ಸಂಚಕಾರ ತರಬಲ್ಲದು.

ನಮ್ಮ ಪರಿಚಯದ ಮನೆಯೊಂದರಲ್ಲಿ ಹೀಗೆಯೇ ನಡೆಯಿತು. ನಿವೃತ್ತ ಶಿಕ್ಷಕಿಯೊಬ್ಬರು ಇಡೀ ರಾತ್ರಿ ಬಸ್ಸಿನಲ್ಲಿ ಕುಳಿತು ಮಗಳ ಊರಿಗೆ ಹೋಗಿ ಬಂದರು. ಬಂದ ಮರುದಿನ ಒಂದು ಕಾಲು ಊದಿಕೊಂಡಿತು. ನರವೆಂದು ನಾಲ್ಕು ದಿನ ತಿಕ್ಕಿಸಿಕೊಂಡರು. ಐದನೆಯ ದಿನ ಏದುಸಿರು ಬಂತು. ತೀವ್ರ ನಿಗಾ ಘಟಕದಲ್ಲಿ ಒಂಬತ್ತು ದಿನ ಕಳೆದು ಅವರು ಮನೆಗೆ ಮರಳಿದ್ದು ಪುಣ್ಯವೆಂದೇ ಹೇಳಬೇಕು. ಅವರ ಮನೆಯವರ ಪ್ರೀತಿಯಲ್ಲಿ ಕೊರತೆಯೇನೂ ಇರಲಿಲ್ಲ. ಪೆಟ್ಟು ಬಿದ್ದ, ಎಳೆದುಕೊಂಡ ನೆನಪಿಲ್ಲದೆ ಒಂದೇ ಕಾಲು ಊದಿಕೊಂಡರೆ, ಅದರಲ್ಲಿಯೂ ದೀರ್ಘ ಪ್ರಯಾಣ, ಶಸ್ತ್ರಚಿಕಿತ್ಸೆ ಅಥವಾ ಹೆರಿಗೆಯ ತರುವಾಯ ಹಾಗಾದರೆ, ಎಣ್ಣೆಯ ಬಟ್ಟಲನ್ನು ದೂರವಿಟ್ಟು ಅಂದೇ ಆಸ್ಪತ್ರೆಗೆ ಹೋಗುವುದು ವಿಹಿತ.

ನಮಗೆ ಹೆಪ್ಪು ಇರಲಿಲ್ಲ. ಮೀನಖಂಡ ಭಾಗಶಃ ಹರಿದಿತ್ತು. ತಂತುಗಳು ಹಿಗ್ಗಿ ಅಲ್ಲೊಂದು ಇಲ್ಲೊಂದು ತುಂಡಾಗುವುದು ಒಂದನೆಯ ದರ್ಜೆ, ಗಣನೀಯ ಭಾಗ ಹರಿಯುವುದು ಎರಡನೆಯದು, ಪೂರ್ತಿ ತುಂಡಾಗುವುದು ಮೂರನೆಯದು. ನಮ್ಮದು ಎರಡನೆಯದು. ಒಂದೂವರೆ ಎರಡು ತಿಂಗಳು ಹಿಡಿಯಬಹುದು ಎಂದರು.

ಈ ಎರಡು ತಿಂಗಳಲ್ಲಿ ಒಳಗೆ ನಡೆಯುವುದೇನು? ಮೊದಲ ಕೆಲವು ದಿನ ಹರಿದ ಸ್ಥಳದಲ್ಲಿ ರಕ್ತ ತುಂಬಿ, ಬಾವು ಬಂದು, ಸತ್ತ ತಂತುಗಳನ್ನು ದೇಹವೇ ಗುಡಿಸಿ ಸಾರಿಸುತ್ತದೆ. ಬಾವು ಶತ್ರುವಲ್ಲ, ಅದು ಜಾಡಮಾಲಿಯ ಕೆಲಸ. ಅನಂತರ ದುರಸ್ತಿ ಆರಂಭ. ಮಾಂಸಖಂಡದ ತಂತುಗಳ ಅಂಚಿನಲ್ಲಿ ಸುಮ್ಮನೆ ಮಲಗಿರುವ ಕಿರು ಜೀವಕೋಶಗಳಿವೆ; 1961ರಲ್ಲಿ ಅಲೆಕ್ಸಾಂಡರ್ ಮೌರೊ ಎಂಬ ವಿಜ್ಞಾನಿ ಕಪ್ಪೆಯ ಮಾಂಸಖಂಡವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಇವನ್ನು ಮೊದಲು ವರ್ಣಿಸಿದ. ಗಾಯವಾದಾಗ ಈ ಕೋಶಗಳು ಎಚ್ಚೆತ್ತು, ಹೆಚ್ಚಿ, ಹೊಸ ತಂತುಗಳನ್ನು ನೇಯುತ್ತವೆ. ಅದೇ ವೇಳೆಗೆ ಹರಿದ ಅಂಚುಗಳ ನಡುವೆ ಗಾಯದ ಕಲೆಯೂ ಕಟ್ಟುತ್ತದೆ. ಬೇಗ ಕಟ್ಟುವುದು ಕಲೆ, ನಿಧಾನವಾಗಿ ಬೆಳೆಯುವುದು ತಂತು. ಕಾಲನ್ನು ವಾರಗಟ್ಟಲೆ ಅಲುಗಿಸದೆ ಇಟ್ಟರೆ ಕಲೆ ದೊಡ್ಡದಾಗಿ, ಹೊಸ ತಂತುಗಳು ದಿಕ್ಕಿಲ್ಲದೆ ಅಡ್ಡಾದಿಡ್ಡಿಯಾಗಿ ಬೆಳೆಯುತ್ತವೆ. ಹಿತಮಿತವಾಗಿ ಎಳೆದರೆ ಎಳೆತದ ದಿಕ್ಕಿಗೆ ಸಾಲಾಗಿ ನಿಲ್ಲುತ್ತವೆ. ಅತಿಯಾಗಿ ಎಳೆದರೆ ಹೊಸ ನೇಯ್ಗೆ ಮತ್ತೆ ಹರಿಯುತ್ತದೆ. ಆದ್ದರಿಂದ ಎಷ್ಟು, ಯಾವಾಗ ಎಂಬ ಅಳತೆಯಲ್ಲಿಯೇ ಗುಣವಾಗುವುದರ ಗುಟ್ಟು ಅಡಗಿದೆ. ಪಿಲಾಟೆಸ್ ಆಗಲಿ, ಯೋಗವಾಗಲಿ, ಫಿಸಿಯೋಥೆರಪಿಯಾಗಲಿ ಈ ಅಳತೆಯನ್ನು ಹಿಡಿಯುವ ಬೇರೆ ಬೇರೆ ತಕ್ಕಡಿಗಳು ಎಂಬುದೇ ನಮ್ಮ ಅಭಿಪ್ರಾಯ.

ವಿಶ್ರಾಂತಿಯ ವಿಷಯದಲ್ಲಿ ವೈದ್ಯಲೋಕದ ಮಾತೂ ಬದಲಾಗುತ್ತ ಬಂದಿದೆ. 1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರು ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲನ್ನು ಎತ್ತರದಲ್ಲಿಡುವುದು ಎಂಬ ನಾಲ್ಕರ ಸೂತ್ರವನ್ನು ಪ್ರಚಾರಕ್ಕೆ ತಂದರು. ಆಟದ ಮೈದಾನಗಳಲ್ಲೆಲ್ಲ ಅದು ಮನೆಮಾತಾಯಿತು. 2014ರಲ್ಲಿ ಅವರೇ, ಮಂಜುಗಡ್ಡೆಯೂ ಸಂಪೂರ್ಣ ವಿಶ್ರಾಂತಿಯೂ ಗುಣವಾಗುವುದನ್ನು ತಡಮಾಡಬಹುದೆಂದು ಬರೆದರು. ಡೆನ್ಮಾರ್ಕಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವಂತೂ ನಮ್ಮ ಕಾಲಿಗೇ ಹೇಳಿ ಮಾಡಿಸಿದಂತಿತ್ತು. ತೊಡೆಯ ಅಥವಾ ಮೀನಖಂಡದ ಸ್ನಾಯುಗಾಯವಾದ 50 ಹವ್ಯಾಸಿ ಆಟಗಾರರಲ್ಲಿ ಅರ್ಧ ಜನರಿಗೆ ಗಾಯವಾದ ಎರಡನೆಯ ದಿನ, ಉಳಿದವರಿಗೆ ಒಂಬತ್ತನೆಯ ದಿನ, ಕ್ರಮಬದ್ಧ ವ್ಯಾಯಾಮವನ್ನು ಆರಂಭಿಸಿದರು. ಬೇಗ ತೊಡಗಿದವರು ನೋವಿಲ್ಲದೆ ಆಟಕ್ಕೆ ಮರಳಲು 62.5 ದಿನ ಬೇಕಾದರೆ, ತಡವಾಗಿ ತೊಡಗಿದವರಿಗೆ 83 ದಿನ ಬೇಕಾಯಿತು. ತಡವಾದದ್ದು ಒಂದು ವಾರ. ತೆತ್ತದ್ದು ಸುಮಾರು ಮೂರು ವಾರ.

ಹಾಗೆಂದು ವಿಶ್ರಾಂತಿ ಬೇಡವೆಂದು ಯಾರೂ ತಿಳಿಯಬಾರದು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಗತಿಯನ್ನು ಬಲ್ಲ ನಾವು ಇದನ್ನು ಒತ್ತಿ ಹೇಳಬೇಕಾಗಿದೆ. ಗಂಡಸರ ಕಾಲು ಉಳುಕಿದರೆ ಮಂಚದ ಬಳಿಗೇ ತಾಟು ಬರುತ್ತದೆ. ಹೆಂಗಸರ ಕಾಲು ಉಳುಕಿದರೆ ಆಕೆ ಕುಂಟುತ್ತ ತಾಟು ತರುತ್ತಾಳೆ. ವ್ಯಾಯಾಮವೆಂದರೆ ಮನೆಗೆಲಸವಲ್ಲ. ಅಡುಗೆಮನೆಯಲ್ಲಿ ಮೂರು ತಾಸು ನಿಂತ ಕಾಲಿಗೆ ಅಳತೆಯಿಲ್ಲದ ಭಾರ ಬೀಳುತ್ತದೆಯೇ ಹೊರತು ಚಿಕಿತ್ಸೆ ದೊರೆಯುವುದಿಲ್ಲ. ನಮ್ಮ ಮನೆಯಲ್ಲಿ ಮೊದಲ ಹತ್ತು ದಿನ ಯಜಮಾನರೂ ಮಗನೂ ಅಡುಗೆಯನ್ನು ವಹಿಸಿಕೊಂಡರು. ಅವರು ಬಡಿದ ಜೋಳದ ರೊಟ್ಟಿಗಳಲ್ಲಿ ಕರ್ನಾಟಕದ ನಕ್ಷೆಯಿಂದ ಹಿಡಿದು ಶ್ರೀಲಂಕೆಯ ನಕ್ಷೆಯವರೆಗೆ ಎಲ್ಲವೂ ಕಂಡವು. ಮೂರನೆಯ ದಿನದಿಂದ ಓಣಿಯ ಕೊನೆಯಲ್ಲಿ ರೊಟ್ಟಿ ಮಾಡಿ ಮಾರುವ ತಾಯಿಯೊಬ್ಬರಲ್ಲಿ ವರ್ತನೆ ಹಾಕಿಕೊಂಡೆವು. ಅದರಿಂದ ಮನೆಯ ಮಾನವೇನೂ ಹೋಗಲಿಲ್ಲ.

ಮೂರನೆಯ ದಿನ ಫಿಸಿಯೋಥೆರಪಿಸ್ಟರು ಚಿಕ್ಕ ಕೆಲಸವೊಂದನ್ನು ಕೊಟ್ಟರು: ಮಲಗಿದಲ್ಲಿಯೇ ಪಾದವನ್ನು ಮೇಲಕ್ಕೂ ಕೆಳಕ್ಕೂ, ನೋವು ತೀವ್ರವಾಗದಷ್ಟು, ಮೆಲ್ಲನೆ ಅಲುಗಿಸುವುದು. ಚಪ್ಪಲಿಯ ಹಿಮ್ಮಡಿಗೆ ದಪ್ಪನೆಯ ಮೆತ್ತೆಯನ್ನು ಇಟ್ಟರು. ಹಿಮ್ಮಡಿ ತುಸು ಎತ್ತರದಲ್ಲಿದ್ದರೆ ಮೀನಖಂಡಕ್ಕೆ ಎಳೆತ ಕಡಮೆ. ಎರಡನೆಯ ವಾರ ರಬ್ಬರಿನ ಪಟ್ಟಿಯನ್ನು ಮುಂಪಾದಕ್ಕೆ ಸುತ್ತಿ, ಎರಡೂ ಕೈಗಳಿಂದ ಹಿಡಿದು, ಪಾದವನ್ನು ಅದರ ಎದುರು ಒತ್ತುವುದು. ಮೂರನೆಯ ವಾರದ ಕೊನೆಗೆ ನಮ್ಮನ್ನು ಹುಬ್ಬಳ್ಳಿಯ ಪಿಲಾಟೆಸ್ ತರಗತಿಯೊಂದಕ್ಕೆ ಕಳಿಸಿದರು. ಸಿನಿಮಾ ತಾರೆಯರ ಚಿತ್ರಗಳ ಕೆಳಗೆ ಈ ಹೆಸರನ್ನು ಓದಿದ್ದೆವು. ನಮ್ಮಂಥ ಸೀರೆಯುಟ್ಟ ಮಧ್ಯವಯಸ್ಕರಿಗೆ ಅಲ್ಲೇನು ಕೆಲಸ ಎಂಬ ಸಂಕೋಚವೂ ಇತ್ತು.

ಆದರೆ ಈ ವಿದ್ಯೆ ಹುಟ್ಟಿದ್ದು ತಾರೆಯರ ನಡುವೆ ಅಲ್ಲ. ಜೋಸೆಫ್ ಪಿಲಾಟೆಸ್ ಎಂಬವರು 1883ರಲ್ಲಿ ಜರ್ಮನಿಯ ಮೋಂಶೆನ್‌ಗ್ಲಾಡ್‌ಬಾಖ್ ಎಂಬ ಊರಿನಲ್ಲಿ ಜನಿಸಿದರು. ಬಾಲ್ಯದಲ್ಲಿ ದಮ್ಮು ಮೊದಲಾದ ವ್ಯಾಧಿಗಳಿಂದ ಬಳಲಿದ ಹುಡುಗ, ಹಟ ಹಿಡಿದು ಅಂಗಸಾಧನೆ ಮಾಡಿದ. ಮೊದಲ ಮಹಾಯುದ್ಧ ಆರಂಭವಾದಾಗ ಇಂಗ್ಲೆಂಡಿನಲ್ಲಿದ್ದ ಅವರನ್ನು, ಶತ್ರುದೇಶದ ಪ್ರಜೆಯೆಂಬ ಕಾರಣಕ್ಕೆ, ಮೊದಲು ಲ್ಯಾಂಕಾಸ್ಟರಿನಲ್ಲಿಯೂ ಆಮೇಲೆ ಐಲ್ ಆಫ್ ಮ್ಯಾನ್ ದ್ವೀಪದ ನಾಕಲೋ ಶಿಬಿರದಲ್ಲಿಯೂ ಬಂಧನದಲ್ಲಿಟ್ಟರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಂದಿಗಳು ತುಂಬಿದ್ದ ತಾಣವದು. ಹಾಸಿಗೆ ಹಿಡಿದ ಬಂದಿಗಳು ಮಲಗಿದಲ್ಲಿಯೇ ಕೈಕಾಲುಗಳಿಗೆ ವ್ಯಾಯಾಮ ಕೊಡಲೆಂದು ಅವರು ಮಂಚಗಳಿಗೆ ಸ್ಪ್ರಿಂಗುಗಳನ್ನು ಕಟ್ಟಿದರೆಂದು ಪರಂಪರೆಯಿಂದ ಹೇಳುತ್ತ ಬಂದಿದ್ದಾರೆ. 1926ರಲ್ಲಿ ನ್ಯೂಯಾರ್ಕಿಗೆ ಹೋಗಿ, ಸಂಗಾತಿ ಕ್ಲಾರಾ ಅವರೊಡನೆ ಎಂಟನೆಯ ಅವೆನ್ಯೂದಲ್ಲಿ ವ್ಯಾಯಾಮಶಾಲೆಯನ್ನು ತೆರೆದರು. ಗಾಯಗೊಂಡ ನರ್ತಕ ನರ್ತಕಿಯರು ಅಲ್ಲಿಗೆ ಬಂದು ಗುಣಹೊಂದಿ ಮತ್ತೆ ರಂಗವನ್ನೇರತೊಡಗಿದಾಗ ಹೆಸರು ಹಬ್ಬಿತು. ಖ್ಯಾತ ನೃತ್ಯನಿರ್ದೇಶಕ ಜಾರ್ಜ್ ಬ್ಯಾಲಂಚೀನ್ ತಮ್ಮ ಕಲಾವಿದರನ್ನು ಅಲ್ಲಿಗೆ ಕಳಿಸುತ್ತಿದ್ದರು. ತಮ್ಮ ಪದ್ಧತಿಗೆ ಅವರಿಟ್ಟ ಹೆಸರು 'ಕಂಟ್ರಾಲಜಿ', ಅಂದರೆ ಹಿಡಿತದ ಶಾಸ್ತ್ರ. 1945ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಚಾಪೆಯ ಮೇಲೆ ಮಾಡುವ 34 ವ್ಯಾಯಾಮಗಳಿವೆ. 1967ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯರು ಗುರುವಿನ ಹೆಸರನ್ನೇ ವಿದ್ಯೆಗೆ ಉಳಿಸಿದರು.

ಆ ತರಗತಿಯಲ್ಲಿ ನಾವು ಕಂಡ ಮುಖ್ಯ ಯಂತ್ರಕ್ಕೆ 'ರಿಫಾರ್ಮರ್' ಎನ್ನುತ್ತಾರೆ. ಮಂಚದಂಥ ಚೌಕಟ್ಟು, ಅದರೊಳಗೆ ಹಿಂದೆ ಮುಂದೆ ಜಾರುವ ಮೆತ್ತೆಯ ಹಲಗೆ, ಹಲಗೆಗೆ ನಾಲ್ಕೈದು ಸ್ಪ್ರಿಂಗುಗಳು, ಕಾಲ ಬಳಿ ಒಂದು ಅಡ್ಡ ಕಂಬಿ. ಅಂಗಾತ ಮಲಗಿ ಮುಂಪಾದಗಳನ್ನು ಕಂಬಿಗೆ ಕೊಟ್ಟು ಒತ್ತಿದರೆ ಹಲಗೆ ಹಿಂದಕ್ಕೆ ಜಾರುತ್ತದೆ. ಹರಿದ ಮೀನಖಂಡಕ್ಕೆ ಇದು ಏಕೆ ಹಿತವೆಂಬುದನ್ನು ತುಸು ಬಿಡಿಸಿ ಹೇಳುತ್ತೇವೆ. ನಿಂತುಕೊಂಡು ಹಿಮ್ಮಡಿ ಎತ್ತಿದರೆ ಇಡೀ ಮೈಭಾರ ಕಾಲಿನ ಮೇಲೆ ಬೀಳುತ್ತದೆ. ಅರವತ್ತು ಕಿಲೋ ತೂಗುವವರಿಗೆ ಅರವತ್ತು ಕಿಲೋ, ಅದರಲ್ಲಿ ರಿಯಾಯಿತಿಯಿಲ್ಲ. ಮಲಗಿ ಒತ್ತುವಾಗ ಭಾರವೆಂದರೆ ಸ್ಪ್ರಿಂಗಿನದು ಮಾತ್ರ. ಒಂದು ಸ್ಪ್ರಿಂಗು ಸಾಕೆನಿಸಿದರೆ ಒಂದು. ವಾರ ಕಳೆದು ನೋವಿಲ್ಲದಿದ್ದರೆ ಎರಡು. ಹಾಲಿಗೆ ನೀರು ಬೆರೆಸಿ ಕೂಸಿಗೆ ಕುಡಿಸಿ, ಬರಬರುತ್ತ ಗಟ್ಟಿ ಹಾಲಿಗೆ ತರುವ ಹಾಗೆ. ಇನ್ನೊಂದು ಗುಣ ಇದಕ್ಕಿಂತ ದೊಡ್ಡದು. ಒತ್ತಿದ ಮೇಲೆ ಸ್ಪ್ರಿಂಗು ಹಲಗೆಯನ್ನು ಮರಳಿ ಎಳೆಯುತ್ತದೆ. ಆಗ ದಡಕ್ಕನೆ ಬಿಡದೆ, ತಡೆಯುತ್ತ ತಡೆಯುತ್ತ ಹಿಂದಿರುಗಬೇಕು. ಮಾಂಸಖಂಡ ಭಾರವನ್ನು ಹೊತ್ತುಕೊಂಡೇ ಉದ್ದವಾಗುವ ಕೆಲಸವಿದು. ಮೆಟ್ಟಿಲಿಳಿಯುವಾಗ, ಇಳಿಜಾರಿನಲ್ಲಿ ನಡೆಯುವಾಗ ಕಾಲಿಗೆ ಬೇಕಾದ ಶಕ್ತಿಯೂ ಇದೇ, ಮತ್ತೆ ಹರಿಯದಂತೆ ಕಾಯುವ ಶಕ್ತಿಯೂ ಇದೇ. ನಮ್ಮ ತರಬೇತುದಾರಳಾದ ಹುಡುಗಿ ಒತ್ತುವುದಕ್ಕೆ ಎರಡು ಎಣಿಕೆ ಕೊಟ್ಟರೆ ಮರಳುವುದಕ್ಕೆ ನಾಲ್ಕು ಕೊಡುತ್ತಿದ್ದಳು. "ಅಮ್ಮಾರ, ಬರೂದು ಸಾವಕಾಶ, ಬರೂದು ಸಾವಕಾಶ" ಎಂಬ ಅವಳ ಮಂತ್ರ ಇನ್ನೂ ಕಿವಿಯಲ್ಲಿದೆ.

ಎರಡೂ ಕಾಲುಗಳಿಂದ ಒಂದು ವಾರ, ಆಮೇಲೆ ನಡಿಗೆಯಂತೆ ಒಂದಾದ ಮೇಲೊಂದು ಹಿಮ್ಮಡಿಯನ್ನಿಳಿಸುವುದು ಒಂದು ವಾರ, ಐದನೆಯ ವಾರದ ಕೊನೆಗೆ ಎಡಗಾಲೊಂದರಿಂದಲೇ. ಮಧ್ಯೆ ಒಂದು ದಿನ ಕಾಲು ಸೆಳೆದಂತಾಗಿ ಆಕೆ ಒಂದು ಸ್ಪ್ರಿಂಗನ್ನು ಕಳಚಿಬಿಟ್ಟಳು. ನಮಗೆ ಅಪಜಯವಾದಂತೆ ತೋರಿತು. ಆಕೆಗೆ ಅದು ದಿನನಿತ್ಯದ ಲೆಕ್ಕಾಚಾರ. ವ್ಯಾಯಾಮ ಮಾಡುವಾಗಿನ ಸಣ್ಣ ನೋವಿಗೆ ಹೆದರಬೇಕಿಲ್ಲ, ಮರುದಿನ ಬೆಳಗಿಗೂ ಉಳಿದು ಹೆಚ್ಚಾದ ನೋವಿಗೆ ಬೆಲೆ ಕೊಡಬೇಕು ಎಂಬುದು ಅವಳು ಕಲಿಸಿದ ಅಳತೆಗೋಲು. ಕಾಲಿನ ಜೊತೆಗೆ ಹೊಟ್ಟೆ, ಸೊಂಟ, ಪೃಷ್ಠದ ಮಾಂಸಖಂಡಗಳಿಗೂ ಚಾಪೆಯ ವ್ಯಾಯಾಮಗಳನ್ನು ಮಾಡಿಸಿದಳು. ಕುಂಟುತ್ತ ನಡೆದ ದಿನಗಳಲ್ಲಿ ಸೊಂಟ ಒಂದು ಕಡೆ ವಾಲಿ ಬಲಮಗ್ಗುಲು ನೋಯುತ್ತಿತ್ತು. ಅದು ಇಳಿದದ್ದು ಇವುಗಳಿಂದಲೇ ಎಂದು ನಮ್ಮ ನಂಬಿಕೆ.

ನಮ್ಮ ಯೋಗ ಇರಲಾಗಿ ಈ ಪರದೇಶದ ವಿದ್ಯೆ ಏಕೆ ಎಂದು ಬಂಧುಗಳನೇಕರು ಕೇಳಿದರು. ಕೇಳತಕ್ಕ ಮಾತೇ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ. ಕೆ. ಎಸ್. ಅಯ್ಯಂಗಾರ್ ಅವರು ಮೈಸೂರಿನಲ್ಲಿ ಕೃಷ್ಣಮಾಚಾರ್ಯರಲ್ಲಿ ಯೋಗವನ್ನು ಕಲಿತು, ಪುಣೆಯಲ್ಲಿ ನೆಲೆಸಿ, ಇಟ್ಟಿಗೆ, ಪಟ್ಟಿ, ಹಗ್ಗ, ಕುರ್ಚಿಗಳ ಆಸರೆಯಿಂದ ಅಶಕ್ತರೂ ಆಸನ ಮಾಡುವಂತೆ ಅನುವು ಮಾಡಿಕೊಟ್ಟರು. ವಿಶ್ವವಿಖ್ಯಾತ ಪಿಟೀಲು ವಾದಕ ಯಹೂದಿ ಮೆನುಹಿನ್ 1952ರಲ್ಲಿ ಮುಂಬಯಿಗೆ ಬಂದಾಗ ದಣಿವು, ಮೈನೋವುಗಳಿಂದ ಬಳಲುತ್ತಿದ್ದರು. ಅಯ್ಯಂಗಾರರ ಅಭ್ಯಾಸಕ್ರಮದಿಂದ ಆರಾಮ ಕಂಡು ಅವರ ಶಿಷ್ಯರೇ ಆದರು. ಅಯ್ಯಂಗಾರರ ಇಟ್ಟಿಗೆಗೂ ಪಿಲಾಟೆಸರ ಸ್ಪ್ರಿಂಗಿಗೂ ಉದ್ದೇಶ ಒಂದೇ: ದೇಹಕ್ಕೆ ಇಂದು ತಾಳುವಷ್ಟನ್ನೇ ಕೊಡುವುದು. ತಿಳಿದ ಗುರುಗಳಿದ್ದರೆ ಯೋಗದಿಂದಲೂ ಇದೇ ಫಲ ದೊರೆತೀತು. ಆದರೆ ಪುಸ್ತಕ ನೋಡಿ ಮಾಡುವವರಿಗೆ ಎಚ್ಚರಿಕೆ ಬೇಕು. ಸೂರ್ಯನಮಸ್ಕಾರದಲ್ಲಿ ಬರುವ ಅಧೋಮುಖ ಶ್ವಾನಾಸನ ಮೀನಖಂಡವನ್ನು ಪೂರ್ತಿ ಎಳೆಯುತ್ತದೆ. ಹರಿದ ಹೊಸದರಲ್ಲಿ ಅದು ಸಲ್ಲದು.

ಪಿಲಾಟೆಸ್ ಬಗೆಗೂ ಅತಿಯಾದ ಮಾತು ಬೇಡ. ಬೆನ್ನುನೋವಿನ ಮೇಲೆ ಅದರ ಪರಿಣಾಮವನ್ನು ಕಾಕ್ರೇನ್ ಸಂಸ್ಥೆ 2015ರಲ್ಲಿ ಪರಾಮರ್ಶಿಸಿತು. ಸುಮ್ಮನಿರುವುದಕ್ಕಿಂತ ಪಿಲಾಟೆಸ್ ಲೇಸು, ಆದರೆ ಬೇರೆ ವ್ಯಾಯಾಮಗಳಿಗಿಂತ ಅದು ಮೇಲೆನ್ನಲು ನಿರ್ಣಾಯಕ ಆಧಾರವಿಲ್ಲ ಎಂಬುದು ಅದರ ಸಾರ. ಇನ್ನೊಂದು ಸಂಗತಿಯೂ ಓದುಗರಿಗೆ ತಿಳಿದಿರಲಿ. 2000ದಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು, ಪಿಲಾಟೆಸ್ ಎಂಬುದು ಯೋಗ, ಕರಾಟೆಗಳಂತೆ ಒಂದು ವ್ಯಾಯಾಮಕ್ರಮದ ಸಾಮಾನ್ಯ ಹೆಸರು, ಯಾರೊಬ್ಬರ ವ್ಯಾಪಾರಮುದ್ರೆಯೂ ಅಲ್ಲ ಎಂದು ತೀರ್ಪಿತ್ತಿತು. ತೀರ್ಪು ನ್ಯಾಯವಾದದ್ದೇ, ಆದರೆ ಆ ಹೆಸರಿನ ಬೋರ್ಡನ್ನು ನೋಡಿದ ಮಾತ್ರಕ್ಕೆ ಒಳಗಿರುವವರ ವಿದ್ಯೆಯ ಬಗೆಗೆ ಭರವಸೆ ತಾಳುವಂತಿಲ್ಲ. ಗಾಯವಾದವರು ಫಿಸಿಯೋಥೆರಪಿಯನ್ನೂ ಓದಿದ ತರಬೇತುದಾರರನ್ನು ಹುಡುಕಬೇಕು, ಸ್ಕ್ಯಾನಿಂಗ್ ವರದಿಯನ್ನು ಮೊದಲು ತೋರಿಸಬೇಕು. ವರದಿಯನ್ನು ನೋಡದೆ ಮೈ ಬಗ್ಗಿಸಲು ಹೊರಡುವವರಲ್ಲಿಗೆ ಹೋಗದಿರುವುದೇ ಕ್ಷೇಮ.

ಇನ್ನು ಅತ್ತೆಯವರ ಎಣ್ಣೆಯ ಮಾತು. ಮೂರನೆಯ ವಾರದಲ್ಲಿ ವೈದ್ಯರನ್ನು ಕೇಳಿ, ಅವರ ಒಪ್ಪಿಗೆಯಿಂದ, ನಾವೇ ಬಟ್ಟಲು ತರಿಸಿದೆವು. ಗಾಯದ ಜಾಗವನ್ನು ಅದುಮದೆ, ಸುತ್ತಲೂ ಹಗುರವಾಗಿ ನೀವಬೇಕೆಂಬ ಷರತ್ತಿನ ಮೇಲೆ ಅತ್ತೆಯವರು ದಿನಾಲು ಸಂಜೆ ಅರ್ಧ ತಾಸು ಕುಳಿತರು. ಬಿಗಿದ ಕಾಲು ಸಡಿಲಾಯಿತು, ರಾತ್ರಿ ನಿದ್ರೆ ಬಂತು, ಅವರ ಮನಸ್ಸೂ ತಿಳಿಯಾಯಿತು. ಹರಿದ ತಂತು ಎಣ್ಣೆಯಿಂದ ಕೂಡಿತೆಂದು ನಾವು ಹೇಳಲಾರೆವು. ನೋವು ತಗ್ಗಿದ್ದರಿಂದ ಮರುದಿನದ ವ್ಯಾಯಾಮ ಸುಲಭವಾಯಿತು ಎಂಬುದು ನಿಶ್ಚಯ. ಬೇರೆ ಮನೆಮದ್ದುಗಳನ್ನೂ ನಾವು ಇದೇ ದೃಷ್ಟಿಯಿಂದ ನೋಡುತ್ತೇವೆ. ಲಕ್ಕಿ ಸೊಪ್ಪಿನ ಶಾಖ, ಉಪ್ಪಿನ ಗಂಟಿನ ಶಾಖ ಹಳೆಯ ಬಿಗಿತಕ್ಕೆ ಒಳ್ಳೆಯವು. ಮೊದಲ ಎರಡು ಮೂರು ದಿನ ಬಿಸಿ ತಾಗಿಸಿದರೆ ಒಳಗಿನ ರಕ್ತಸ್ರಾವ ಹೆಚ್ಚಬಹುದು. ಅರಿಶಿನ-ಸುಣ್ಣದ ಲೇಪದಲ್ಲಿ ಸುಣ್ಣ ಹೆಚ್ಚಾಗಿ ಚರ್ಮ ಸುಟ್ಟುಕೊಂಡವರನ್ನು ಕಂಡಿದ್ದೇವೆ. ತೊಡೆಗೆ ಬಲವಾದ ಪೆಟ್ಟು ಬಿದ್ದು ರಕ್ತ ಕಟ್ಟಿದಾಗ ಅದನ್ನು ತಿಕ್ಕಲೇಬಾರದು; ಮಾಂಸದೊಳಗೆ ಎಲುಬಿನಂತೆ ಗಡುಸಾದ ಗಂಟು ಬೆಳೆಯುವ ಅಪಾಯವಿದೆ. ಆಂಧ್ರದ ಪುತ್ತೂರಿನ ಎಲುಬು ಕಟ್ಟುವವರ ಕೀರ್ತಿ ನಮ್ಮ ಊರುಗಳವರೆಗೂ ಬಂದಿದೆ, ಅಲ್ಲಿಗೆ ಹೋಗಿ ಬಂದು ಮೆಚ್ಚಿ ಮಾತಾಡುವವರು ನಮ್ಮ ಬಳಗದಲ್ಲಿಯೂ ಇದ್ದಾರೆ. ಆದರೆ ಬಿದಿರಿನ ದಬ್ಬೆ ಕಟ್ಟಿ ತಿಂಗಳುಗಟ್ಟಲೆ ಅಲುಗದಂತೆ ಮಾಡುವ ಕ್ರಮ ಮುರಿದ ಎಲುಬಿನದು, ಹರಿದ ಮಾಂಸಖಂಡದ್ದಲ್ಲ.

ಸೂಜಿ ಚುಚ್ಚುವ ಚೀನೀ ಪದ್ಧತಿಯಿಂದಲೂ ಬಟ್ಟಲುಗಳನ್ನು ಮೈಗೆ ಹಚ್ಚಿ ಎಳೆಯುವ ಪದ್ಧತಿಯಿಂದಲೂ ನೋವು ತುಸು ಶಮನವಾಗುವುದುಂಟು. ಈಜುಗಾರ ಮೈಕೆಲ್ ಫೆಲ್ಪ್ಸ್ ಅವರ ಹೆಗಲ ಮೇಲಿನ ದುಂಡನೆಯ ಕಲೆಗಳನ್ನು 2016ರ ರಿಯೋ ಒಲಿಂಪಿಕ್ಸಿನಲ್ಲಿ ಜಗತ್ತೇ ನೋಡಿತು. ಪದಕ ಬಂದದ್ದು ಈಜಿನಿಂದ. ಹೋಮಿಯೋಪಥಿಯ ಆರ್ನಿಕಾ ಗುಳಿಗೆಗಳಿಗೆ ನಮ್ಮಲ್ಲಿ ಅಭಿಮಾನಿಗಳು ಬಹಳ. ಪರೀಕ್ಷೆಗಳಲ್ಲಿ ಅವು ಸಕ್ಕರೆಯ ಗುಳಿಗೆಗಿಂತ ಮೇಲೆಂದು ಸಿದ್ಧವಾಗಿಲ್ಲ, ತೊಂದರೆಯನ್ನೂ ಮಾಡಲಾರವು. ತ್ರಾಸಿನದು ಬೇರೆಯೇ ಒಂದಿದೆ. ಜಾತ್ರೆಗಳಲ್ಲಿ, ಬಸ್ ನಿಲ್ದಾಣಗಳ ಬಳಿ ಹೆಸರು ವಿಳಾಸವಿಲ್ಲದ ಪೊಟ್ಟಣಗಳಲ್ಲಿ ಮಾರುವ ನೋವಿನ ಪುಡಿಗಳು. ಒಂದೇ ಗಂಟೆಯಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟಿರಾಯ್ಡ್ ಬೆರೆಸಿರಬಹುದೆಂಬ ಶಂಕೆ ಇರಲಿ. ಸಕ್ಕರೆ ಕಾಯಿಲೆಯವರಿಗೆ ಅದು ವಿಷಸಮಾನ.

ಆಹಾರದ ಮಾತನ್ನೂ ಹೇಳಿಬಿಡುತ್ತೇವೆ. ಹೊಸ ತಂತು ನೇಯಲು ಸಸಾರಜನಕ ಬೇಕು. ಸಸ್ಯಾಹಾರಿಗಳಾದ ನಮ್ಮ ಮನೆಗಳಲ್ಲಿ ಗಂಡಸರಿಗೂ ಮಕ್ಕಳಿಗೂ ಬಡಿಸಿ ಉಳಿದ ತಿಳಿ ಸಾರಿನಲ್ಲಿ ರೊಟ್ಟಿ ಅದ್ದಿ ಉಣ್ಣುವ ತಾಯಂದಿರಿಗೆ ಅದು ಸಾಲದು. ಮೊಳಕೆಯೊಡೆದ ಮಡಿಕೆ ಕಾಳು, ಹೆಸರು ಕಾಳಿನ ಪಲ್ಯ, ಗಟ್ಟಿ ಬೇಳೆ, ಶೇಂಗಾ ಚಟ್ನಿ, ಮೊಸರು ಇವು ಊಟದಲ್ಲಿ ದಿನವೂ ಇರಬೇಕು.

ಹುಬ್ಬಳ್ಳಿ ಬೆಂಗಳೂರುಗಳಲ್ಲಿಲ್ಲದ ಓದುಗರು ಯಂತ್ರವಿಲ್ಲವೆಂದು ಚಿಂತಿಸಬೇಕಾಗಿಲ್ಲ. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿದರೆ ಒಳ್ಳೆಯ ರಬ್ಬರ್ ಪಟ್ಟಿಯಾಗುತ್ತದೆ. ಸ್ಪ್ರಿಂಗಿನ ಬದಲು ಗೋಡೆ ಇದೆ: ಎರಡೂ ಅಂಗೈಗಳನ್ನು ಗೋಡೆಗೆ ಊರಿ, ಎರಡೂ ಕಾಲುಗಳ ಮೇಲೆ ಹಿಮ್ಮಡಿಗಳನ್ನೆತ್ತಿ, ನಾಲ್ಕು ಎಣಿಸುತ್ತ ಇಳಿಸಬೇಕು. ಅದು ನೋವಿಲ್ಲದೆ ಸಾಗಿದರೆ ಎರಡು ಕಾಲಿನಿಂದ ಏರಿ, ಗಾಯದ ಕಾಲೊಂದರಿಂದಲೇ ಇಳಿಯಬೇಕು. ಮೊಣಕಾಲು ನೆಟ್ಟಗಿಟ್ಟು ಮಾಡಿದ್ದು ಮೀನಖಂಡದ ಮೇಲ್ಪದರಕ್ಕೆ, ತುಸು ಮಡಿಚಿ ಮಾಡಿದ್ದು ಒಳಪದರಕ್ಕೆ, ಎರಡೂ ಬೇಕು. ನಿತ್ಯಪೂಜೆಗೆ, ಊಟಕ್ಕೆ ನೆಲದ ಮೇಲೆ ಕುಳಿತೇಳುವವರು ಮೊದಲ ತಿಂಗಳು ಮಣೆ ಅಥವಾ ಕುರ್ಚಿಯನ್ನು ಬಳಸಿದರೆ ದೋಷವಿಲ್ಲ. ಎದ್ದೇಳುವಾಗ ಮುಂಪಾದವನ್ನೊತ್ತಿ ಜಿಗಿದಂತೆ ಏಳುವುದನ್ನು ಇನ್ನೂ ಒಂದು ತಿಂಗಳು ಬಿಟ್ಟಿರುವುದು ಮೇಲು. ನೋವು ಹೋದ ಮೇಲೂ ಹೊಸ ನೇಯ್ಗೆ ಬಲಿಯಲು ತಿಂಗಳುಗಳು ಬೇಕು, ಮರುಗಾಯಗಳು ಆಗುವುದು ನೋವು ಹೋದ ಧೈರ್ಯದಲ್ಲಿಯೇ.

ಪೂರ್ತಿ ಗುಣವಾಯಿತೆಂದು ತಿಳಿಯಲು ನಮಗೆ ಕೊಟ್ಟ ಪರೀಕ್ಷೆ ಸರಳವಾದದ್ದು: ಒಂದೇ ಕಾಲಿನ ಮೇಲೆ ನಿಂತು ಹಿಮ್ಮಡಿಯನ್ನು ಎಷ್ಟು ಸಲ ಎತ್ತಬಲ್ಲೆವೆಂದು ಎಣಿಸಿ, ಗಾಯವಾಗದ ಕಾಲಿನೊಡನೆ ಹೋಲಿಸುವುದು. ಹಾಲು ಕಾಯುವಷ್ಟು ಹೊತ್ತು ಅಡುಗೆಮನೆಯ ಕಟ್ಟೆಯನ್ನು ಹಿಡಿದು ನಾವು ಇದನ್ನು ಮಾಡುತ್ತೇವೆ. ಬಲಗಾಲು ಇಪ್ಪತ್ತಮೂರು ಸಲ ಏರುತ್ತದೆ. ಎಡಗಾಲು ಸದ್ಯಕ್ಕೆ ಹತ್ತೊಂಬತ್ತಕ್ಕೆ ನಿಲ್ಲುತ್ತದೆ.